ಬಾಡಿದ ಎಲೆ ಕೇಳುವುದು ನೀರನ್ನೇ?

ಆಗಸ್ಟ್ 3, ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಕೊಡಗಿನ ಮನೆಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುವ ದಿನ. ಕೆಲವು ವರ್ಷಗಳ ಹಿಂದೆ ಅದೇ ದಿನ ಪಕ್ಕದ ಮನೆಯ ಹುಡುಗಿ ಒಂದು ಕೈಯಲ್ಲಿ ಪಾಯಸದ ಪಾತ್ರೆ, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ನಮ್ಮ ಮಡಿಕೇರಿಯ ಮನೆಯ ಮೆಟ್ಟಿಲು ಹತ್ತಿದಳು. ಆಗ ಅವಳು ಎಂಟನೆಯ ತರಗತಿ. ನಾನು ಅವಳ ವಿಜ್ಞಾನದ ಟೀಚರ್.

ಪಾಯಸ ಕೊಟ್ಟವಳು ಹೊರಡಲಿಲ್ಲ. ಬಾಗಿಲ ಹತ್ತಿರವೇ ನಿಂತಳು.

"ಏನಮ್ಮಾ?" ಎಂದೆ.

"ಟೀಚರ್, ಅಜ್ಜಿಯ ಆಂಥೂರಿಯಂ ಸಾಯ್ತಾ ಉಂಟು. ನೀವು ಹೇಳಿದ ಹಾಗೆಯೇ ಮಾಡಿದೆ."

ನಾನು ಹೇಳಿದ್ದೇನು? ಜುಲೈ ತಿಂಗಳಲ್ಲಿ ಸಸ್ಯಗಳ ಪಾಠ ಮಾಡುವಾಗ, ಎಲೆ ಜೋತು ಬಿದ್ದರೆ ಗಿಡಕ್ಕೆ ನೀರು ಸಾಲದು ಎಂದು ಅರ್ಥ ಎಂದಿದ್ದೆ. ಹಲವು ವರ್ಷ ಹಾಗೆಯೇ ಹೇಳಿಕೊಂಡು ಬಂದಿದ್ದೆ. ಆ ಹುಡುಗಿ ಮನೆಗೆ ಹೋಗಿ ನೋಡಿದ್ದಾಳೆ, ಜಗಲಿಯ ಆಂಥೂರಿಯಂ ಎಲೆ ಬಾಡಿದೆ. ಸರಿ, ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ಹೊಯ್ದಿದ್ದಾಳೆ. ಎಲೆ ಇನ್ನೂ ಬಾಡಿತು. ಅವಳು ಎರಡೆರಡು ಚೊಂಬು ಹೊಯ್ದಳು. ಹೊರಗೆ ಹಗಲು ರಾತ್ರಿ ಮಳೆ, ಗೋಡೆಯಲ್ಲಿ ಬೂಷ್ಟು, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದ ಕಾಲ!

ಆ ಗಿಡ ತೀರಿಕೊಂಡ ಅವಳ ಅಜ್ಜ ತಂದು ನೆಟ್ಟದ್ದು. ಅಜ್ಜಿ ಮೊಮ್ಮಗಳಿಗೆ ಒಂದು ಮಾತೂ ಬೈದಿರಲಿಲ್ಲವಂತೆ. ಬೈದಿದ್ದರೆ ಒಳ್ಳೆಯದಿತ್ತು ಎನ್ನುವ ಹಾಗಿತ್ತು ಹುಡುಗಿಯ ಮುಖ. ನಾನು ಪಾಯಸ ಬದಿಗಿಟ್ಟು ಅವಳ ಜೊತೆ ಹೊರಟೆ.

ಎಲೆ ನೆಟ್ಟಗೆ ನಿಲ್ಲುವುದು ಹೇಗೆ?

ಗಿಡದ ಬಳಿ ಹೋಗುವ ಮುಂಚೆ ಒಂದು ಪ್ರಶ್ನೆ. ಎಲೆಗೆ ಮೂಳೆಯಿಲ್ಲ. ಆದರೂ ಅದು ಅಂಗೈ ಚಾಚಿದಂತೆ ನೆಟ್ಟಗೆ ನಿಲ್ಲುವುದು ಹೇಗೆ?

ಗಾಳಿ ತುಂಬಿದ ಫುಟ್‌ಬಾಲನ್ನು ನೆನಪಿಸಿಕೊಳ್ಳಿ. ಒಳಗಿನ ಬ್ಲ್ಯಾಡರ್ ಉಬ್ಬಿ ಹೊರಗಿನ ಚರ್ಮವನ್ನು ಒತ್ತುವುದರಿಂದ ಚೆಂಡು ಗಟ್ಟಿಯಾಗುತ್ತದೆ. ಎಲೆಯ ಒಂದೊಂದು ಜೀವಕೋಶವೂ ಅಂಥದೇ ಚೆಂಡು; ಒಳಗಿರುವುದು ಗಾಳಿಯ ಬದಲು ನೀರು. ಕೋಶದೊಳಗೆ ನೀರು ತುಂಬಿ ಗೋಡೆಯನ್ನು ಒತ್ತಿದಾಗ ಎಲೆ ಬಿಗಿಯಾಗಿ ನಿಲ್ಲುತ್ತದೆ. ಒತ್ತಡ ಇಳಿದರೆ ಜೋಲುತ್ತದೆ.

ಈ ನೀರು ನಿಂತ ನೀರಲ್ಲ. ಬೇರು ಹೀರುತ್ತಲೇ ಇರಬೇಕು, ಎಲೆಯ ಸೂಕ್ಷ್ಮ ರಂಧ್ರಗಳಿಂದ ಅದು ಆವಿಯಾಗಿ ಹೋಗುತ್ತಲೇ ಇರುತ್ತದೆ. ಬೇರು ಕುಡಿದ ನೀರಿನಲ್ಲಿ ನೂರಕ್ಕೆ 95 ಪಾಲಿಗಿಂತಲೂ ಹೆಚ್ಚು ಹೀಗೆ ಗಾಳಿಗೆ ಸೇರಿಹೋಗುತ್ತದೆ. ಇದನ್ನು ಮೊದಲು ಅಚ್ಚುಕಟ್ಟಾಗಿ ಅಳೆದವರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಬ್ಬರು. ಕುಂಡದಲ್ಲಿದ್ದ ಸೂರ್ಯಕಾಂತಿ ಗಿಡವನ್ನು ತೆಗೆದುಕೊಂಡು, ಮಣ್ಣಿನಿಂದ ನೀರು ಆರದಂತೆ ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿ, ದಿನದಿನವೂ ತೂಗಿ ನೋಡಿದರು. ಹಗಲೊಂದರಲ್ಲಿ ಆ ಒಂದೇ ಗಿಡ ಸರಾಸರಿ ಅರ್ಧ ಕಿಲೋಗೂ ಹೆಚ್ಚು ನೀರನ್ನು ಬಿಟ್ಟುಕೊಡುತ್ತಿತ್ತು. ಈ ಪ್ರಯೋಗಗಳ ಪುಸ್ತಕ ಪ್ರಕಟವಾದದ್ದು 1727ರಲ್ಲಿ. ಒಂದು ತಕ್ಕಡಿ ಮತ್ತು ತಾಳ್ಮೆ ಇದ್ದರೆ ಎಷ್ಟು ದೊಡ್ಡ ಕೆಲಸ ಮಾಡಬಹುದು ನೋಡಿ.

ಅಂದಮೇಲೆ ಎಲೆ ಬಾಡಿದೆ ಎಂದರೆ ಇಷ್ಟೇ ಅರ್ಥ: ಎಲೆಗೆ ನೀರು ತಲುಪುತ್ತಿಲ್ಲ. ಮಣ್ಣಿನಲ್ಲಿ ನೀರಿಲ್ಲ ಎಂದು ಅದು ಹೇಳುತ್ತಿಲ್ಲ. ಈ ಎರಡು ಮಾತಿನ ನಡುವಿನ ಅಂತರವನ್ನು ನಾನು ತರಗತಿಯಲ್ಲಿ ಹೇಳದೇ ಬಿಟ್ಟಿದ್ದೆ.

ಬೇರಿಗೂ ಉಸಿರು ಬೇಕು

ಎಲೆ ಉಸಿರಾಡುತ್ತದೆ ಎಂದು ನಮಗೆ ಗೊತ್ತು. ಬೇರೂ ಉಸಿರಾಡುತ್ತದೆ ಎನ್ನುವುದು ಮರೆತುಹೋಗುತ್ತದೆ. ಒಳ್ಳೆಯ ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ. ಕೆಲವು ಸಂದುಗಳಲ್ಲಿ ನೀರು, ಕೆಲವದರಲ್ಲಿ ಗಾಳಿ. ಬೇರು ಆ ಗಾಳಿಯ ಆಮ್ಲಜನಕವನ್ನು ಬಳಸಿಕೊಂಡೇ ಕೆಲಸ ಮಾಡಲು ಶಕ್ತಿ ಪಡೆಯಬೇಕು. ಕುಂಡದಲ್ಲಿ ಸದಾ ನೀರು ನಿಂತರೆ ಗಾಳಿಯ ಸಂದುಗಳೆಲ್ಲ ನೀರಿನಿಂದ ತುಂಬುತ್ತವೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಹರಡುವುದು ಸುಮಾರು 10,000 ಪಟ್ಟು ನಿಧಾನ. ಬೇರಿಗೆ ಉಸಿರುಕಟ್ಟುತ್ತದೆ; ನೀರು ಹೀರುವ ಶಕ್ತಿ ಕುಂದುತ್ತದೆ; ಹಾಗೆಯೇ ಬಿಟ್ಟರೆ ಬೇರು ಸಾಯುತ್ತದೆ, ಕೊಳೆಯುತ್ತದೆ. ಸೊಂಟದ ತನಕ ನೀರಿನಲ್ಲಿ ನಿಂತು ಬಾಯಾರಿ ಸಾಯುವ ಪರಿಸ್ಥಿತಿ ಗಿಡದ್ದು.

ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿಯುತ್ತದೆ. ಆಗ ಬಿಸಿಲಿಲ್ಲ, ಗಾಳಿಯ ತುಂಬ ತೇವ. ಎಲೆಯಿಂದ ಆವಿಯಾಗುವ ನೀರು ತೀರಾ ಕಡಿಮೆ. ಮಾರ್ಚ್ ತಿಂಗಳಲ್ಲಿ ಎರಡು ದಿನಕ್ಕೆ ಒಣಗುವ ಕುಂಡ ಜುಲೈಯಲ್ಲಿ ಹತ್ತು ದಿನವಾದರೂ ಒಣಗದು. ಆದರೆ ನಮ್ಮ ಕೈಯಲ್ಲಿರುವ ಚೊಂಬಿಗೆ ತಿಂಗಳು ತಿಳಿಯುವುದಿಲ್ಲವಲ್ಲ!

ಆಂಥೂರಿಯಂ ಮೂಲತಃ ದಕ್ಷಿಣ ಅಮೆರಿಕದ ಮಳೆಕಾಡಿನ ಗಿಡ. ಅದಕ್ಕೆ ಮಳೆ ಹೊಸದೇನೂ ಅಲ್ಲ. ಆದರೆ ಅದರ ಬಳಗದ ಎಷ್ಟೋ ಗಿಡಗಳು ಮರದ ಕೊಂಬೆಯ ಮೇಲೆ, ತರಗೆಲೆಯ ಸಡಿಲ ರಾಶಿಯಲ್ಲಿ ಬೇರುಬಿಡುತ್ತವೆ. ನಮ್ಮದೇ ಕಾಡಿನ ಸೀತಾಳೆ ದಂಡೆಯನ್ನು ನೋಡಿಲ್ಲವೇ? ಇಡೀ ಮಳೆಗಾಲ ಮರದ ಮೇಲೆ ತೋಯುತ್ತದೆ. ಅದರ ಬೇರು ಕೊಳೆಯುವುದಿಲ್ಲ, ಏಕೆಂದರೆ ಬೇರು ಗಾಳಿಯಲ್ಲಿದೆ. ಮೇಲೆ ಬಿದ್ದ ನೀರು ಹರಿದುಹೋಗುತ್ತದೆ. ಗಿಡವನ್ನು ಕೊಲ್ಲುವುದು ಬಿದ್ದ ನೀರಲ್ಲ, ನಿಂತ ನೀರು.

ಮೊದಲು ಬೆರಳು, ಆಮೇಲೆ ಚೊಂಬು

ಹುಡುಗಿಯ ಮನೆಯ ಜಗಲಿಗೆ ಹೋಗಿ ನಾವು ಮೊದಲು ಮಾಡಿದ ಕೆಲಸ ತೋರುಬೆರಳನ್ನು ಮಣ್ಣಿಗೆ ಇಳಿಸಿದ್ದು. ನಿಮ್ಮ ಮನೆಯಲ್ಲೂ ಗಿಡ ಬಾಡಿದ್ದರೆ ಇದೇ ಕ್ರಮ ಹಿಡಿಯಿರಿ.

ಬೆರಳಿನ ಎರಡು ಗೆಣ್ಣು ಮಣ್ಣಿನೊಳಗೆ ಹೋಗಲಿ. ಮೇಲಿನ ಮಣ್ಣು ನೋಡಿ ತೀರ್ಮಾನಿಸಬೇಡಿ. ಮೇಲೆ ಒಣಗಿ ಒಳಗೆ ಕೆಸರಾಗಿರುವುದು ಸಾಮಾನ್ಯ. ಆಮೇಲೆ ಕುಂಡವನ್ನು ಎತ್ತಿ ನೋಡಿ. ನೀರು ಕುಡಿದ ಕುಂಡದ ಭಾರ, ಒಣಗಿದ ಕುಂಡದ ಭಾರ ಎರಡನ್ನೂ ನಾಲ್ಕು ಸಲ ಎತ್ತಿದರೆ ಕೈಗೇ ತಿಳಿದುಬಿಡುತ್ತದೆ. ಮೂರನೆಯದು ವಾಸನೆ. ಒಳ್ಳೆಯ ಮಣ್ಣಿಗೆ ಮೊದಲ ಮಳೆಯ ವಾಸನೆ. ಉಸಿರುಕಟ್ಟಿದ ಮಣ್ಣಿಗೆ ಚರಂಡಿಯ ವಾಸನೆ.

ನೀರು ಸಾಲದ ಗಿಡದಲ್ಲಿ ಎಲೆಯ ಅಂಚು ಒಣಗಿ ಗರಿಗರಿ ಆಗಿರುತ್ತದೆ, ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟಿರುತ್ತದೆ, ಕುಂಡ ಹಗುರ. ನೀರು ಹೆಚ್ಚಾದ ಗಿಡದಲ್ಲಿ ಕೆಳಗಿನ ಎಲೆಗಳು ಮೊದಲು ಹಳದಿಯಾಗಿ ಮೆತ್ತಗಾಗುತ್ತವೆ, ಕಾಂಡದ ಬುಡ ಕಪ್ಪಾಗುತ್ತದೆ, ಮಣ್ಣಿನ ಮೇಲೆ ಪುಟ್ಟ ನೊಣಗಳು ಹಾರಾಡುತ್ತವೆ, ಕುಂಡ ಭಾರ. ಎರಡರಲ್ಲೂ ಎಲೆ ಜೋಲುತ್ತದೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ.

ಇಷ್ಟರಿಂದಲೂ ಗೊತ್ತಾಗದಿದ್ದರೆ ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಮೆಲ್ಲಗೆ ಹೊರತೆಗೆದು ಬೇರನ್ನೇ ನೋಡಿಬಿಡಿ. ಆರೋಗ್ಯದ ಬೇರು ಬಿಳಿ ಅಥವಾ ತಿಳಿಬಣ್ಣದ್ದು, ಗಟ್ಟಿ. ಕೊಳೆತ ಬೇರು ಕಂದು; ಎರಡು ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಉಳಿಯುತ್ತದೆ. ಅಜ್ಜಿಯ ಆಂಥೂರಿಯಂನ ಬೇರುಗಳಲ್ಲಿ ಮುಕ್ಕಾಲು ಪಾಲು ಹಾಗೆಯೇ ಆಗಿದ್ದವು. ಕುಂಡದ ಕೆಳಗಿನ ತಟ್ಟೆಯ ತುಂಬ ನೀರು. ತಳದ ತೂತು ಮಣ್ಣಿನಿಂದ ಮುಚ್ಚಿಹೋಗಿತ್ತು.

ಇನ್ನೊಂದು ಮುಖ್ಯ ಪರೀಕ್ಷೆ ಗಡಿಯಾರದ್ದು. ಬೇಸಿಗೆಯ ಮಧ್ಯಾಹ್ನ ಬಾಡಿದ ಗಿಡ ಸಂಜೆ ತಾನಾಗಿ ಎದ್ದು ನಿಂತರೆ ಅದು ಕಾಯಿಲೆಯಲ್ಲ. ಬೇರು ತರುವುದಕ್ಕಿಂತ ವೇಗವಾಗಿ ಎಲೆ ನೀರು ಕಳೆದುಕೊಂಡಿತ್ತು, ಅಷ್ಟೇ. ಬೆಳಗಿನ ಜಾವ ನೋಡಿದಾಗಲೂ ಬಾಡಿಯೇ ಇದ್ದರೆ ಮಾತ್ರ ಯೋಚಿಸಬೇಕು. ಮುಟ್ಟಿದರೆ ಮುನಿ ಸಂಜೆ ಎಲೆ ಮಡಚಿದರೆ ಅದಕ್ಕೂ ಔಷಧಿ ಹುಡುಕಬೇಡಿ, ಅದು ನಿದ್ದೆ.

ಚಿಕಿತ್ಸೆ ಏನು?

ಒಣಗಿದ ಗಿಡದ ಚಿಕಿತ್ಸೆ ಸುಲಭ. ತೀರಾ ಒಣಗಿದ ಮಣ್ಣಿಗೆ ಮೇಲಿನಿಂದ ನೀರು ಹೊಯ್ದರೆ ಅದು ಗೋಡೆಯ ಬದಿಯ ಬಿರುಕಿನಲ್ಲಿ ಇಳಿದು ತೂತಿನಿಂದ ಹೊರಟುಹೋಗುತ್ತದೆ. ನಡುವಿನ ಹೆಂಟೆ ನೆನೆಯುವುದೇ ಇಲ್ಲ. ಆದ್ದರಿಂದ ಒಂದು ಬಕೆಟ್ಟಿನಲ್ಲಿ ನಾಲ್ಕು ಬೆರಳು ನೀರು ಹಾಕಿ ಕುಂಡವನ್ನು ಅರ್ಧ ಗಂಟೆ ಅದರಲ್ಲಿಡಿ. ಕೆಳಗಿನಿಂದ ನೀರು ಏರಿ ಮೇಲ್ಮಣ್ಣು ತೇವವಾದ ಮೇಲೆ ತೆಗೆದು, ನೀರು ಬಸಿಯಲು ಬಿಟ್ಟು, ನೆರಳಿನಲ್ಲಿಡಿ. ಬಹುತೇಕ ಗಿಡಗಳು ಅದೇ ದಿನ ಚೇತರಿಸಿಕೊಳ್ಳುತ್ತವೆ.

ನೆನೆದ ಗಿಡಕ್ಕೆ ಹೆಚ್ಚು ಕೆಲಸ. ಮೊದಲು ನೀರು ನಿಲ್ಲಿಸಿ. ತಟ್ಟೆ ತೆಗೆದುಬಿಡಿ. ತೂತನ್ನು ಕಡ್ಡಿಯಿಂದ ಬಿಡಿಸಿ. ಬೇರು ಇನ್ನೂ ಗಟ್ಟಿಯಿದ್ದರೆ ಇಷ್ಟೇ ಸಾಕು. ಬೇರು ಕೊಳೆತಿದ್ದರೆ ಗಿಡ ಕಿತ್ತು, ಸ್ವಚ್ಛವಾದ ಬ್ಲೇಡಿನಿಂದ ಕೊಳೆತ ಭಾಗವನ್ನೆಲ್ಲ ಕತ್ತರಿಸಿ ತೆಗೆಯಿರಿ. ಹಳೆಯ ಮಣ್ಣು ಮತ್ತೆ ಬಳಸಬೇಡಿ. ಮನೆಯ ಸಾಧಾರಣ ಗಿಡಗಳಿಗೆ ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಪಾಲು. ಆಂಥೂರಿಯಂಗಾದರೆ ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆ ಚೂರುಗಳೇ ಹೆಚ್ಚಿರಲಿ. ಬೇರು ಕಡಿಮೆಯಾದ ಗಿಡಕ್ಕೆ ಎಲ್ಲ ಎಲೆಗಳಿಗೂ ನೀರುಣಿಸುವ ಶಕ್ತಿ ಇರದು; ಹಳದಿಯಾದ ಎಲೆಗಳನ್ನು ತೆಗೆಯಿರಿ. ಹೊಸ ಚಿಗುರು ಬರುವ ತನಕ ಗೊಬ್ಬರ ಬೇಡವೇ ಬೇಡ. ಬಾಡಿದ ಹಳೆಯ ಎಲೆ ಮತ್ತೆ ನೆಟ್ಟಗಾಗದಿರಬಹುದು. ಗಿಡ ಬದುಕಿತೋ ಇಲ್ಲವೋ ಎನ್ನುವುದನ್ನು ಹೊಸ ಎಲೆ ಹೇಳಬೇಕು.

ಕುಂಡದ ತಳಕ್ಕೆ ಒಂದು ಪದರ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ನಿಜ ಬೇರೆ. ನುಣ್ಣನೆಯ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರಾ ನೆನೆಯುವ ತನಕ ಮೇಲೆಯೇ ತಡೆದು ನಿಲ್ಲುತ್ತದೆ. ಜಲ್ಲಿ ಹಾಕಿದಷ್ಟೂ ಒದ್ದೆ ಮಣ್ಣು ಬೇರಿನ ಹತ್ತಿರಕ್ಕೆ ಏರುತ್ತದೆ. ತೂತಿನ ಮೇಲೆ ಮಣ್ಣು ಸೋರದಂತೆ ಒಂದು ಓಡಿನ ಚೂರು ಸಾಕು.

ನೀರು ಸರಿಯಾಗಿದ್ದೂ ಎಲೆ ಬಾಡಿದರೆ? ಬೇರು ಕುಂಡದ ತುಂಬ ಸುತ್ತಿಕೊಂಡು ಜಾಗ ಸಾಲದಾಗಿರಬಹುದು. ಬೇಗ ಬೆಳೆಯಲಿ ಎಂದು ಯಾರಾದರೂ ಒಂದು ಹಿಡಿ ಯೂರಿಯಾ ಸುರಿದಿರಬಹುದು. ಉಪ್ಪಿನಲ್ಲಿ ಹಾಕಿದ ಮಾವಿನ ಹೋಳು ನೀರು ಬಿಡುವಂತೆ ಆಗ ಬೇರು ನೀರು ಕಳೆದುಕೊಳ್ಳುತ್ತದೆ. ಎಲೆಯ ಅಡಿಯಲ್ಲಿ ಬಿಳಿ ಹಿಟ್ಟುತಿಗಣೆ ಕೂತಿರಬಹುದು. ನಿನ್ನೆಯಷ್ಟೇ ಕುಂಡ ಬದಲಿಸಿದ್ದರೆ ವಾರವೊಂದು ಕಾಯಿರಿ.

ಜಗಲಿಯಿಂದ ತೋಟಕ್ಕೆ

ಒಂದು ಕುಂಡಕ್ಕೆ ಇಷ್ಟೊಂದು ಮಾತೇಕೆ ಎಂದು ತಂದೆ ತಾಯಂದಿರು ಕೇಳಬಹುದು. ಅದೇ ಜಗಲಿಯಿಂದ ಕೆಳಗಿಳಿದು ತೋಟಕ್ಕೆ ಬನ್ನಿ. ಕರ್ನಾಟಕದಲ್ಲಿ ಅತಿ ಹೆಚ್ಚು ಕರಿಮೆಣಸು ಬೆಳೆಯುವ ಜಿಲ್ಲೆ ಕೊಡಗು. ಕಾಫಿಯ ನಡುವಿನ ಸಿಲ್ವರ್ ಓಕ್, ಹಾಲುವಾಣ ಮರಗಳಿಗೆ ಹಬ್ಬಿದ ಬಳ್ಳಿ ಎಷ್ಟೋ ಮನೆಗಳ ಶಾಲೆ ಫೀಜಿನ, ಮದುವೆಯ, ಆಸ್ಪತ್ರೆಯ ಖರ್ಚು ತೂಗಿಸುತ್ತದೆ. ಆ ಬಳ್ಳಿ ಮಳೆಗಾಲದಲ್ಲಿ ಒಮ್ಮೆಲೇ ಬಾಡಿ, ಎಲೆ ಗೆರೆ ಉದುರಿ, ಕೆಲವೇ ವಾರಗಳಲ್ಲಿ ಸಾಯುವುದುಂಟು. ಅದೇ ಶೀಘ್ರ ಸೊರಗು ರೋಗ. ಕಾರಣ, ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆಯನ್ನು ಹಾಳುಮಾಡಿ ಭೀಕರ ಕ್ಷಾಮಕ್ಕೆ ಕಾರಣವಾದದ್ದು ಇದರ ದಾಯಾದಿ. ಹೆಸರಿನ ಅರ್ಥವೇ 'ಸಸ್ಯನಾಶಕ'.

ಈ ಜೀವಿಯ ಬೀಜಕಣಗಳಿಗೆ ಎರಡು ಬಾಲ. ಅವು ನೀರಿನಲ್ಲಿ ಈಜುತ್ತವೆ. ಬುಡದಲ್ಲಿ ನೀರು ನಿಂತರೆ ಅವಕ್ಕೆ ಹೆದ್ದಾರಿ ಹಾಕಿಕೊಟ್ಟಂತೆ. ಅದಕ್ಕೇ ಮಳೆಗೆ ಮುಂಚೆ ತೋಟದ ಚರಂಡಿ ಬಿಡಿಸಿ, ನೆರಳು ಕಸಿದು, ಬಳ್ಳಿಗೆ ಶೇಕಡಾ ಒಂದರ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬಾಡಿದ ಮೇಲೆ ಔಷಧಿ ಹುಡುಕಿದರೆ ಬಹಳ ಸಲ ತಡವಾಗಿರುತ್ತದೆ. ಅನುಮಾನವಿದ್ದವರು ಅಪ್ಪಂಗಳದ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರದಲ್ಲೋ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಬಹುದು.

ಕಾಫಿಯಲ್ಲೂ ಇದೇ ಕಥೆ. ನೆರಳು ದಟ್ಟವಾಗಿ, ಗಾಳಿಯಾಡದೆ, ಸದಾ ತೊಟ್ಟಿಕ್ಕುವ ಕಡೆ ಎಲೆ ಕಪ್ಪಾಗಿ ಕೊಳೆತು, ರೆಂಬೆಯಿಂದ ಕಳಚಿದರೂ ಶಿಲೀಂಧ್ರದ ಎಳೆಗಳಿಗೆ ಅಂಟಿ ನೇತಾಡುತ್ತದೆ. ನಮ್ಮವರು ಅದನ್ನು ಕೊಳೆರೋಗ ಎಂದರು. 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಆ ಶಿಲೀಂಧ್ರಕ್ಕೆ ಹೆಸರಿಡುವಾಗ ಕನ್ನಡದ ಪದವನ್ನೇ ಎತ್ತಿಕೊಂಡು 'ಪೆಲ್ಲಿಕ್ಯುಲೇರಿಯಾ ಕೊಳೆರೋಗ' ಎಂದು ಕರೆದರು. ಇದರ ಹತೋಟಿಗೂ ಮೊದಲ ಹೆಜ್ಜೆ ಗಾಳಿ ಬೆಳಕು ಬಿಡುವುದೇ.

ಇದಕ್ಕೆ ತದ್ವಿರುದ್ಧ ಮಾರ್ಚ್ ತಿಂಗಳು. ಆಗ ಕಾಫಿ ಗಿಡದ ಎಲೆ ಮಧ್ಯಾಹ್ನ ಜೋಲುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಹಳಬರು ಆಕಾಶ ನೋಡುತ್ತಾರೆ. ಆ ಒಣ ದಿನಗಳು ಕಾಫಿಗೆ ಬೇಕು. ಮೊಗ್ಗು ಸ್ವಲ್ಪ ಕಾಲ ಬಾಯಾರಿದ ಮೇಲೆ ಹೂಮಳೆ ಬಿದ್ದರೇನೇ, ಎಂಟು ಹತ್ತು ದಿನಗಳಲ್ಲಿ ಗುಡ್ಡವೆಲ್ಲ ಬೆಳ್ಳಗಾಗುವುದು. ಬಾಡಿದ ಎಲೆಗೆ ಒಮ್ಮೆ ನೀರು ಬೇಕು, ಒಮ್ಮೆ ಗಾಳಿ ಬೇಕು, ಒಮ್ಮೆ ಏನೂ ಬೇಡ, ಕಾಯಬೇಕು. ಯಾವುದು ಎಂದು ತಿಳಿಯಲು ಬಗ್ಗಿ ಬುಡ ನೋಡಲೇಬೇಕು.

ಮಕ್ಕಳ ಅಂಕ ಇಳಿದ ಕೂಡಲೇ ಇನ್ನೊಂದು ಟ್ಯೂಷನ್ ಸೇರಿಸುವ ತಂದೆ ತಾಯಂದಿರನ್ನು ಕಂಡಾಗ ನನಗೆ ಆ ಚೊಂಬಿನ ನೆನಪಾಗುತ್ತದೆ. ಕೆಲವರಿಗೆ ಅದು ಬೇಕಾಗಿರಬಹುದು. ಕೆಲವರಿಗೆ ಬೇಕಾದದ್ದು ಕನ್ನಡಕ, ನಿದ್ದೆ, ಅಥವಾ ಬೆಂಚಿನ ಪಕ್ಕದವನ ಕಾಟ ತಪ್ಪುವುದು. ಕೇಳಿ ನೋಡದೆ ಸುರಿಯಬಾರದು.

ಮಾಡಿ ನೋಡಿ

ವಿದ್ಯಾರ್ಥಿಗಳೇ, ಒಂದೇ ಅಳತೆಯ ಮೂರು ಡಬ್ಬಿಗಳಲ್ಲಿ ಒಂದೇ ಮಣ್ಣು ತುಂಬಿ ಟೊಮೆಟೊ ಸಸಿ ನೆಡಿ. ಮೂರೂ ಚೆನ್ನಾಗಿ ಬೇರೂರುವ ತನಕ, ಸುಮಾರು ಎರಡು ವಾರ, ಒಂದೇ ರೀತಿ ನೋಡಿಕೊಳ್ಳಿ. ಎರಡು ಡಬ್ಬಿಗಳ ತಳಕ್ಕೆ ತೂತಿರಲಿ, ಮೂರನೆಯದಕ್ಕೆ ಬೇಡ. ಆಮೇಲೆ ಮೊದಲನೆಯದಕ್ಕೆ ಬೆರಳಿಟ್ಟು ನೋಡಿ ಒಣಗಿದಾಗ ಮಾತ್ರ ನೀರು. ಎರಡನೆಯದಕ್ಕೆ ನೀರಿಲ್ಲ. ಮೂರನೆಯದಕ್ಕೆ ಮಣ್ಣಿನ ಮೇಲೆ ನೀರು ನಿಲ್ಲುವಷ್ಟು ದಿನವೂ ಹೊಯ್ಯಿರಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಲೆ ಹೇಗಿದೆ ಎಂದು ಪುಸ್ತಕದಲ್ಲಿ ಬರೆಯಿರಿ. ಅಡುಗೆಮನೆಯ ತಕ್ಕಡಿ ಸಿಕ್ಕರೆ ಹೇಲ್ಸ್ ಅವರಂತೆ ತೂಗಿರಿ. ಎರಡನೆಯದೂ ಮೂರನೆಯದೂ ಬಾಡಿದ ದಿನ ಮನೆಯವರನ್ನು ಕರೆದು, ಯಾವುದಕ್ಕೆ ನೀರು ಬೇಕು ಹೇಳಿ ಎಂದು ಕೇಳಿ. ದೊಡ್ಡವರೂ ತಪ್ಪುತ್ತಾರೆ, ನೋಡುತ್ತಿರಿ.

ಅಜ್ಜಿಯ ಆಂಥೂರಿಯಂ ಏನಾಯಿತು? ಆ ದಿನ ಕೊಳೆತದ್ದನ್ನೆಲ್ಲ ಕತ್ತರಿಸಿದ ಮೇಲೆ ಉಳಿದದ್ದು ಎರಡು ಬೇರಿನ ಒಂದು ಮರಿ ಮಾತ್ರ. ಇದ್ದಿಲು, ತೆಂಗಿನ ಸಿಪ್ಪೆ ತುಂಬಿದ ಕುಂಡದಲ್ಲಿ ನೆಟ್ಟೆವು. ಕೈಲ್‌ಪೊಳ್ದ್ ಹಬ್ಬ ಬಂದು ಹೋಯಿತು, ಏನೂ ಇಲ್ಲ. ಹುಡುಗಿ ದಿನಾ ಬೆರಳಿಟ್ಟು ನೋಡಿ, ನೀರು ಹಾಕದೆ ಸುಮ್ಮನೆ ಹೋಗುತ್ತಿದ್ದಳಂತೆ. ಅದೇ ಬಹಳ ಕಷ್ಟ ಟೀಚರ್ ಎಂದಳು. ಹುತ್ತರಿ ಹೊತ್ತಿಗೆ ಉಗುರಿನಷ್ಟು ಕೆಂಪು ಚಿಗುರು ಬಂತು. ಹೂವು ಕಾಣಲು ಮತ್ತೂ ಒಂದು ಮಳೆಗಾಲ ಕಳೆಯಬೇಕಾಯಿತು.

ನಾನು ಮರುವರ್ಷ ಅದೇ ಪಾಠ ಮಾಡುವಾಗ ಎರಡು ಕುಂಡಗಳನ್ನು ತರಗತಿಗೆ ಒಯ್ದೆ. ಎರಡರ ಎಲೆಯೂ ಬಾಡಿತ್ತು. ಮಕ್ಕಳನ್ನು ಸಾಲಾಗಿ ಕರೆದು ಮಣ್ಣಿನಲ್ಲಿ ಬೆರಳಿಡಿಸಿದೆ.